ಆರ್‌ಸಿ ಸರಿಯಿದ್ದರೆ ಹಳೆಯ ಕಾರೂ ಅಸಲಿಯೇ?

ಆರ್‌ಸಿ ಫೋಟೊದಲ್ಲಿರುವ ವಿವರ ಎಂಪರಿವಾಹನ್ ಆ್ಯಪ್‌ನಲ್ಲೂ ಸಿಕ್ಕರೆ ಕಾರು ಅಸಲಿ ಎಂದು ಹಲವರು ನಂಬುತ್ತಾರೆ. ಇದು ಅರ್ಧಸತ್ಯ. ಆ್ಯಪ್ ತೋರಿಸುವುದು ದಾಖಲೆಯನ್ನು, ಕಾರನ್ನಲ್ಲ. ಗುಜರಿ ಸೇರಿದ ಕಾರಿನ ದಾಖಲೆ, ನಂಬರನ್ನು ಕದ್ದ ಕಾರಿಗೆ ಹಾಕಿ ಮಾರುವುದು ಹಳೆಯ ವಂಚನೆ. ಪೊಲೀಸರು ಜಪ್ತಿ ಮಾಡಿದರೆ ಹಣವೂ ಹೋಯಿತು, ಕಾರೂ ಹೋಯಿತು.

ಮುಂಗಡ ಕಳಿಸುವ ಮೊದಲು ಕಾರನ್ನು ಕಣ್ಣಾರೆ ನೋಡಿ. ಲೋಹದ ಮೇಲೆ ಕೊರೆದ ಚಾಸಿ ನಂಬರನ್ನು ಮೂಲ ಆರ್‌ಸಿಯೊಂದಿಗೆ ಒಂದೊಂದೇ ಅಂಕಿ ಹೋಲಿಸಿ. ಅದರ ಸುತ್ತ ಉಜ್ಜಿದ, ಬೆಸುಗೆ ಹಾಕಿದ ಗುರುತಿದ್ದರೆ ಆರ್‌ಟಿಒದಲ್ಲಿ ವಿಚಾರಿಸಿ.

ನಂಬರ್ ಚಿಕ್ಕದಿದ್ದ ಮಾತ್ರಕ್ಕೆ ನಕಲಿ ಎನ್ನಬೇಡಿ. 17 ಅಕ್ಷರ-ಅಂಕಿಗಳ ನಂಬರ್ ಅಮೆರಿಕದಲ್ಲೂ ಕಡ್ಡಾಯವಾದದ್ದು 1981ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದಿನ ಕಾರುಗಳಲ್ಲಿ ಚಿಕ್ಕ ನಂಬರ್ ಸಹಜ.