ಒಡಲಿಗಿಂತ ಕಣ್ಣು ಮುಖ್ಯ: ಮೊದಲ ಕ್ಯಾಮರಾ ಕೊಳ್ಳುವ ಮನೆಗಳಿಗೆ

ಪ್ಲಸ್ ಟು ಫಲಿತಾಂಶ ಬಂದ ಬಳಿಕ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಎಷ್ಟೋ ಮನೆಗಳಲ್ಲಿ ಕೇಳಿಬರುವ ಬೇಡಿಕೆ ಡಿಎಸ್‌ಎಲ್‌ಆರ್ ಕ್ಯಾಮರಾದ್ದು. ಶಾಲಾ ಕಲೋತ್ಸವದಲ್ಲಿ ಮೊಬೈಲಿನಿಂದ ಚಿತ್ರ ತೆಗೆದು ಮೆಚ್ಚುಗೆ ಗಳಿಸಿದ ಮಕ್ಕಳಿಗೆ ಅದು ಬರಿಯ ಹವ್ಯಾಸವಾಗಿ ಉಳಿಯದೆ ಜೀವನೋಪಾಯವೂ ಆದೀತೆಂಬ ಆಸೆ. ಅಡಿಕೆ ಮಾರಿದ ಹಣವೋ ಚಿಟ್ಟಿ ಎತ್ತಿದ ಮೊತ್ತವೋ ಅದಕ್ಕೆಂದು ಮೀಸಲಾಗುತ್ತದೆ. ತಂದೆ ಮಗ ಮಂಗಳೂರಿನ ಬಸ್ಸು ಹತ್ತಿ ಅಂಗಡಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ, ಎಷ್ಟು ಮೆಗಾಪಿಕ್ಸೆಲ್ ಎಂಬುದು. ತಪ್ಪುವುದು ಅಲ್ಲಿಂದಲೇ.

ಮೆಗಾಪಿಕ್ಸೆಲ್ಲಿನ ಲೆಕ್ಕ ಬೇಗ ಮುಗಿಯುತ್ತದೆ. ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸಲು ಒಂಬತ್ತು ಮೆಗಾಪಿಕ್ಸೆಲ್ ಸಾಕು. ಇಂದು ಸಿಗುವ ಅಗ್ಗದ ಡಿಎಸ್‌ಎಲ್‌ಆರ್‌ಗಳಲ್ಲೂ 18 ಅಥವಾ 24 ಇರುತ್ತದೆ. ಶಾಲೆಯ ವಾರ್ಷಿಕ ಸಂಚಿಕೆಯ ಮುಖಪುಟಕ್ಕೂ ಮದುವೆಯ ಆಲ್ಬಮ್ಮಿಗೂ ಅದು ಧಾರಾಳ.

ಕೇಳಬೇಕಾದದ್ದು ಮಸೂರದ ವಿಚಾರ. ಹತ್ತನೆಯ ತರಗತಿಯ ಭೌತವಿಜ್ಞಾನದಲ್ಲಿ ಪೀನ ಮಸೂರ, ಸಂಗಮದೂರ ಎಂದು ಕನ್ನಡದಲ್ಲೇ ಓದಿದ ವಿದ್ಯಾರ್ಥಿಗೆ ಅಂಗಡಿಯ ಭಾಷೆ ಕಷ್ಟವಾಗಬೇಕಿಲ್ಲ. 18–55 ಎಂದು ಬರೆದಿರುವುದು ಮಿಲಿಮೀಟರಿನಲ್ಲಿ ಹೇಳಿದ ಸಂಗಮದೂರ, ಎಫ್ 3.5–5.6 ಎಂದಿರುವುದು ಬೆಳಕು ಒಳಬರುವ ಬಾಗಿಲು ಎಷ್ಟು ತೆರೆಯುತ್ತದೆ ಎಂಬುದರ ಅಳತೆ. ಈ ಎರಡನೆಯ ಸಂಖ್ಯೆ ಕಿರಿದಾದಷ್ಟೂ ಬಾಗಿಲು ಹಿರಿದು. ಕ್ಯಾಮರಾದೊಡನೆ ಪೆಟ್ಟಿಗೆಯಲ್ಲೇ ಬರುವ 18–55 ಲೆನ್ಸು 55ರ ತುದಿಯಲ್ಲಿ 5.6ಕ್ಕಿಂತ ಹೆಚ್ಚು ತೆರೆಯದು. ಎಲ್ಲ ತಯಾರಕರಲ್ಲೂ ಕಡಿಮೆ ಬೆಲೆಗೆ ದೊರೆಯುವ 50 ಮಿಲಿಮೀಟರಿನ 1.8 ಲೆನ್ಸು ಅದರ ಹತ್ತರಷ್ಟು ಬೆಳಕನ್ನು ಒಳಬಿಡುತ್ತದೆ.

ಹತ್ತು ಪಾಲು ಎಂದರೇನೆಂಬುದು ಯಕ್ಷಗಾನದ ರಂಗಸ್ಥಳದ ಮುಂದೆ ನಿಂತಾಗ ತಿಳಿಯುತ್ತದೆ. ಪುಂಡುವೇಷ ಧೀಂಗಿಣ ಹಾಕುವಾಗ ಕಾಲು ಕೈ ಸ್ಫುಟವಾಗಿ ಮೂಡಬೇಕಾದರೆ ಸೆಕೆಂಡಿನ 250ರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿರಬಾರದು. ರಂಗಸ್ಥಳದ ದೀಪದಲ್ಲಿ ಪೆಟ್ಟಿಗೆಯ ಲೆನ್ಸು 25ರಲ್ಲಿ ಒಂದು ಪಾಲು ಕೇಳಿದರೆ, ಅದೇ ಬೆಳಕಿನಲ್ಲಿ 1.8 ಲೆನ್ಸಿಗೆ 250ರಲ್ಲಿ ಒಂದು ಸಾಕು. ಮೊದಲನೆಯದರಲ್ಲಿ ಬರುವುದು ಬಣ್ಣದ ಸುಳಿ. ಎರಡನೆಯದರಲ್ಲಿ ಕಿರೀಟದ ಕುಸುರಿ. ಎಪ್ಪತ್ತು ಸಾವಿರದ ಕ್ಯಾಮರಾಕ್ಕೆ ಪೆಟ್ಟಿಗೆಯ ಲೆನ್ಸನ್ನೇ ಸಿಕ್ಕಿಸಿಕೊಂಡವನಿಗಿಂತ, ಹಳೆಯ ಕ್ಯಾಮರಾಕ್ಕೆ ಈ ಪುಟ್ಟ ಲೆನ್ಸು ಹಾಕಿದವನ ಚಿತ್ರ ಅಲ್ಲಿ ಗೆಲ್ಲುತ್ತದೆ. ಫ್ಲಾಷ್ ಬೆಳಗಿಸಬಹುದಲ್ಲ ಎನ್ನುವವರು ಕಲಾವಿದನ ಕಣ್ಣಿನ ಬಗ್ಗೆಯೂ ಸ್ವಲ್ಪ ಯೋಚಿಸಲಿ.

ಹಗಲಿನ ಕ್ರೀಡಾಕೂಟಕ್ಕೆ, ಹಕ್ಕಿಗಳಿಗೆ 55–250ರಂಥ ದೂರದ ಲೆನ್ಸು ಬೇಕಾದೀತು. ಅದನ್ನು ಒಂದು ವರ್ಷ ಬಿಟ್ಟು ಕೊಂಡರೂ ನಷ್ಟವಿಲ್ಲ.

ಕ್ಯಾನನ್ ಮತ್ತು ನಿಕಾನ್ ಎರಡೂ 2020ರ ಬಳಿಕ ಹೊಸ ಡಿಎಸ್‌ಎಲ್‌ಆರ್ ಮಾದರಿ ಹೊರತಂದಿಲ್ಲ. ಅವುಗಳ ಗಮನವೆಲ್ಲ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮರಾಗಳ ಕಡೆಗೆ ಹೊರಳಿದೆ. ಹಾಗೆಂದು ಡಿಎಸ್‌ಎಲ್‌ಆರ್ ನಿರುಪಯುಕ್ತವಾಗಿಲ್ಲ. ವೃತ್ತಿಪರರು ಮಿರರ್‌ಲೆಸ್ಸಿಗೆ ಹೋದಂತೆ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗವಾಗಿ ಕೈಬದಲಾಗುತ್ತಿವೆ. ಕಲಿಯುವವರಿಗೆ ಇದು ಅನುಕೂಲವೇ. ಕ್ಯಾಮರಾದ ಒಡಲು ಐದಾರು ವರ್ಷದಲ್ಲಿ ಹಳತಾದರೂ ಲೆನ್ಸು ಇಪ್ಪತ್ತು ವರ್ಷ ಬಾಳೀತು. ಕ್ಯಾನನ್ನಿನ ಇಎಫ್ ಲೆನ್ಸುಗಳು ಅಡಾಪ್ಟರಿನ ಮೂಲಕ ಅದರ ಮಿರರ್‌ಲೆಸ್ಸಿನಲ್ಲೂ ಕೆಲಸ ಮಾಡುತ್ತವೆ. ಆದರೆ ಒಂದು ಸಂಸ್ಥೆಯ ಲೆನ್ಸು ಇನ್ನೊಂದರ ಕ್ಯಾಮರಾಕ್ಕೆ ಕೂಡದು. ಈ ಆಯ್ಕೆಯೆಂದರೆ ಸಂಬಂಧ ಕುದುರಿಸಿದಂತೆ.

ನಿಕಾನ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಡಿ3500, ಡಿ5600ರಂಥ ಕಿರಿಯ ಮಾದರಿಗಳ ಒಡಲಲ್ಲಿ ಫೋಕಸ್ ಮೋಟಾರು ಇಲ್ಲ. ಹಳೆಯ 50 ಮಿಲಿಮೀಟರಿನ 1.8ಡಿ ಲೆನ್ಸು ಅಗ್ಗವೆಂದು ಕೊಂಡರೆ ಅದು ಈ ಕ್ಯಾಮರಾಗಳಲ್ಲಿ ತಾನಾಗಿ ಫೋಕಸ್ ಆಗದು, ಕೈಯಿಂದಲೇ ತಿರುಗಿಸಬೇಕು. ಎಎಫ್-ಎಸ್ ಎಂಬ ಅಕ್ಷರಗಳಿರುವ 1.8ಜಿ ಲೆನ್ಸನ್ನೇ ಕೇಳಿ ಪಡೆಯಬೇಕು.

ಕರಾವಳಿಯಲ್ಲಿ ಲೆನ್ಸಿಗೆ ದೊಡ್ಡ ಶತ್ರು ಬೂಸಲು. ಮಳೆಗಾಲದ ನಾಲ್ಕು ತಿಂಗಳು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಗಾಜಿನ ಒಳಗೆ ಜೇಡರ ಬಲೆಯಂತೆ ಹಬ್ಬುತ್ತದೆ. ಗಾಜಿನ ಲೇಪವನ್ನು ತಿಂದ ಮೇಲೆ ದುರಸ್ತಿಯಿಂದಲೂ ಫಲವಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸುವುದು, ಇಷ್ಟೇ ಮದ್ದು. ಬಳಸಿದ ಲೆನ್ಸು ಕೊಳ್ಳುವಾಗಲೂ ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಹಾಯಿಸಿ ಮುಂದಿನಿಂದ ನೋಡಬೇಕು. ಒಡಲಾದರೆ ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಬೇಕು. ಕಿರಿಯ ಮಾದರಿಗಳ ಶಟರ್ ಬಾಳಿಕೆ ಲಕ್ಷದ ಆಸುಪಾಸು.

ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ ಕ್ರಮಸಂಖ್ಯೆ ನಮೂದಿಸಿದ ಲಿಖಿತ ರಸೀದಿ, ಮೂಲ ಬಿಲ್ಲಿನ ಪ್ರತಿ ಎರಡನ್ನೂ ಪಡೆಯುವುದು ಅಗತ್ಯ. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಕೊಂಡವನೂ ಉತ್ತರ ಹೇಳಬೇಕಾಗುತ್ತದೆ. ಅರ್ಧ ಬೆಲೆಗೆ, ಬಿಲ್ಲಿಲ್ಲದೆ, ರೈಲು ನಿಲ್ದಾಣದ ಹತ್ತಿರ ಕೈಬದಲಾದ ಕ್ಯಾಮರಾದ ವಿಷಯದಲ್ಲಿ ಗೊತ್ತಿರಲಿಲ್ಲ ಎಂಬ ಮಾತು ನಿಲ್ಲುವುದು ಕಷ್ಟ.

ಹೊಸದನ್ನು ಕೊಳ್ಳುವವರು ಪೆಟ್ಟಿಗೆಯ ಮೇಲೆ ಗರಿಷ್ಠ ಚಿಲ್ಲರೆ ಬೆಲೆಯೂ ಆಮದುದಾರನ ಹೆಸರು ವಿಳಾಸವೂ ಇದೆಯೇ ಎಂದು ನೋಡಲಿ. ಕಾನೂನಿನ ಪ್ರಕಾರ ಅವು ಇರಲೇಬೇಕು. ಇಲ್ಲದಿದ್ದರೆ ಅದು ಅಡ್ಡದಾರಿಯಿಂದ ಬಂದ ಸರಕು, ಭಾರತದಲ್ಲಿ ಅದಕ್ಕೆ ವಾರಂಟಿ ಸಿಗುವ ಭರವಸೆಯಿಲ್ಲ. "ಬಿಲ್ಲು ಬೇಡವಾದರೆ ಕಡಿಮೆಗೆ ಕೊಡುತ್ತೇವೆ" ಎಂಬ ಮಾತಿಗೆ ಒಪ್ಪಿದರೆ ಉಳಿಯುವುದು ತೆರಿಗೆಯ ಹಣ, ಕಳೆಯುವುದು ದೂರುವ ಹಕ್ಕು.

ಗಡಿನಾಡಿನವರಿಗೆ ಈ ಹಕ್ಕು ಈಗ ಹೆಚ್ಚು ಸುಲಭ. 1986ರ ಹಳೆಯ ಕಾನೂನಿನಲ್ಲಿ ಮಂಗಳೂರಿನ ಅಂಗಡಿಯ ಮೇಲೆ ದೂರಲು ಸಾಮಾನ್ಯವಾಗಿ ಅಲ್ಲಿಗೇ ಹೋಗಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಂಡದ್ದು ಗಡಿಯಾಚೆಯಾದರೂ ಕಾಸರಗೋಡಿನ ಜಿಲ್ಲಾ ಆಯೋಗ ಅದನ್ನು ವಿಚಾರಿಸುತ್ತದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅವಧಿ ಎರಡು ವರ್ಷ.

ಮದುವೆ ಚಿತ್ರ ತೆಗೆದು ದುಡಿಯಲೆಂದು ಕೊಂಡದ್ದಾದರೆ, ಇದು ವಾಣಿಜ್ಯ ಉದ್ದೇಶದ ಖರೀದಿ, ಇವನು ಗ್ರಾಹಕನೇ ಅಲ್ಲ ಎಂದು ಎದುರು ಪಕ್ಷ ವಾದಿಸುವುದುಂಟು. ಕಾಯಿದೆಯಲ್ಲೇ ಅದಕ್ಕೆ ಉತ್ತರವಿದೆ: ಸ್ವಯಂ ಉದ್ಯೋಗದಿಂದ ಕೇವಲ ಹೊಟ್ಟೆಪಾಡಿಗಾಗಿ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದೆಂದು ಎಣಿಕೆಯಾಗದು. ದೂರಿನಲ್ಲಿ ಆ ಮಾತನ್ನು ಸ್ಪಷ್ಟವಾಗಿ ಬರೆಯಬೇಕು. (ಹಣ ಪಡೆದು ತೆಗೆದ ಮದುವೆ ಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು, ಅದರ ಚರ್ಚೆ ಇನ್ನೊಂದು ವಾರಕ್ಕೆ.)

ಬಿಲ್ಲಿನಲ್ಲಿ ಒಡಲಿನದೂ ಪ್ರತಿ ಲೆನ್ಸಿನದೂ ಕ್ರಮಸಂಖ್ಯೆ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ವಾರಂಟಿ ಚೀಟಿಗೆ ಅಂಗಡಿಯ ಮುದ್ರೆ ಬಿದ್ದಿರಬೇಕು. ಈಗಿನ ಬಿಲ್ಲುಗಳು ಬಹುಮಟ್ಟಿಗೆ ಶಾಖದಿಂದ ಮುದ್ರಿತವಾಗುವ ಕಾಗದದವು. ಎರಡನೆಯ ಮಳೆಗಾಲದ ಹೊತ್ತಿಗೆ ಅಕ್ಷರ ಮಾಸಿ ಬಿಳಿ ಹಾಳೆ ಮಾತ್ರ ಉಳಿದಿರಬಹುದು. ಅಂಗಡಿಯಿಂದ ಇಳಿದ ದಿನವೇ ಅದರ ನೆರಳಚ್ಚು ತೆಗೆಸಿ ಪಡಿತರ ಚೀಟಿ ಇಡುವ ಕಡತದಲ್ಲಿ ಸೇರಿಸಿಡಲಿ. ಹೊಸ ಕ್ಯಾಮರಾದಿಂದ ತೆಗೆಯುವ ಮೊದಲ ಚಿತ್ರ ಆ ಬಿಲ್ಲಿನದೇ ಆದರೂ ನಡೆಯುತ್ತದೆ.