ತಟ್ಟೆಯ ಎರಡನೆಯ ಮಗ್ಗುಲು

ಕಾರವಾರದಿಂದ ಕಾಳೀ ನದಿಯ ದಂಡೆಗುಂಟ ಒಳನಾಡಿನತ್ತ ಸಾಗಿದರೆ ಮಲ್ಲಾಪುರ ಸಿಗುತ್ತದೆ. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ವಸತಿಗಳಿರುವುದರಿಂದ ದೇಶದ ಹಲವು ಭಾಷೆಗಳು ಇಲ್ಲಿ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಮಳೆಗಾಲದಲ್ಲಿ ಮಾತ್ರ ಎಲ್ಲ ಭಾಷೆಗಳ ದೂರೂ ಒಂದೇ: ಬೂಷ್ಟು. ಚಪ್ಪಲಿ, ಪುಸ್ತಕ, ಪೆಟ್ಟಿಗೆಯೊಳಗಿನ ರೇಷ್ಮೆ, ಯಾವುದನ್ನೂ ಅದು ಬಿಡದು.

ಇಲ್ಲಿನ ಗೃಹಸ್ಥರೊಬ್ಬರಿಗೆ ಗ್ರಾಮಫೋನ್ ತಟ್ಟೆಗಳನ್ನು ಕೂಡಿಸುವ ಹವ್ಯಾಸ. ಶ್ರಾವಣದಲ್ಲಿ ಮಳೆ ತುಸು ಹೊಳವಾದೊಡನೆ ಅವರು ಸಂಗ್ರಹವನ್ನೆಲ್ಲ ಹೊರಗೆ ತೆಗೆಯುತ್ತಾರೆ. ಬಿಸಿಲಿಗೆ ಒಡ್ಡುವುದಿಲ್ಲ, ಒಡ್ಡಿದರೆ ವಿನೈಲ್ ತಟ್ಟೆ ಹಪ್ಪಳದಂತೆ ಡೊಂಕಾದೀತು. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಮೆತ್ತನೆಯ ಅರಿವೆಯಿಂದ ಗೆರೆಗಳ ಗುಂಟ ಒರೆಸಿ, ಒಳಗಿನ ಕಾಗದದ ಚೀಲ ಬದಲಿಸಿ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸುತ್ತಾರೆ. ಒರೆಸಿದ್ದನ್ನು ಒಮ್ಮೆ ನುಡಿಸಿ ನೋಡದೆ ಒಳಗಿಡುವುದು ಸಂಗ್ರಹಕಾರನಿಂದ ಆಗದ ಕೆಲಸ. ಈ ಸಲ ಮೊದಲು ಕೈಗೆ ಬಂದದ್ದು ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’.

1967ರಲ್ಲಿ ಹೊರಬಂದ ಈ ತಟ್ಟೆಯ ಕೀರ್ತಿಯನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ಇದೇ ನಾಲ್ವರು ತಮ್ಮ ಮೊದಲ ದೊಡ್ಡ ತಟ್ಟೆಯ ಬಹುಭಾಗವನ್ನು 1963ರ ಫೆಬ್ರವರಿ 11ರಂದು, ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ‘ಪೆಪ್ಪರ್’ಗೆ ಹಿಡಿದದ್ದು ಸುಮಾರು 700 ಗಂಟೆ. ಧ್ವನಿಗಳನ್ನು ನಾಲ್ಕೇ ಪಥಗಳ ಯಂತ್ರದಲ್ಲಿ ಒಂದರ ಮೇಲೊಂದು ಹೇರಿ ಮಾಡಿದ ಕೆಲಸ ಅದು. ಬಿಡಿ ಹಾಡುಗಳ ಕಟ್ಟಲ್ಲ, ಆದಿಯಿಂದ ಅಂತ್ಯದವರೆಗೆ ಒಂದೇ ಕಲ್ಪನೆಯ ಕೃತಿ ಎಂದು ಲೋಕ ಇದನ್ನು ಹೊಗಳಿತು. ಗೃಹಸ್ಥರೂ ಬಹುಕಾಲ ಹಾಗೆಯೇ ನಂಬಿದ್ದರು.

ಆದರೆ ಆ ಕಲ್ಪನೆ ಎಲ್ಲಿದೆ? ಮೊದಲಲ್ಲಿ ಸಾರ್ಜೆಂಟ್ ಪೆಪ್ಪರನ ವಾದ್ಯಮೇಳ ಸಭೆಗೆ ವಂದಿಸುತ್ತದೆ, ಗಾಯಕನೊಬ್ಬನ ಪರಿಚಯವಾಗುತ್ತದೆ. ಮತ್ತೆ ಆ ಮೇಳ ಕಾಣಿಸುವುದು ಕೊನೆಯಿಂದ ಎರಡನೆಯ ಹಾಡಿನಲ್ಲೇ. ನಡುವೆ ಮನೆ ಬಿಟ್ಟುಹೋದ ಹುಡುಗಿ, ಹಳೆಯ ಸರ್ಕಸ್ಸಿನ ಜಾಹೀರಾತು, ಅರವತ್ತನಾಲ್ಕರ ಮುದುಕನ ಚಿಂತೆ. ಒಂದಕ್ಕೊಂದು ನಂಟಿಲ್ಲ. ಉತ್ತರ ಕನ್ನಡದ ಬಯಲಾಟ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ: ಸಭಾಲಕ್ಷಣವಿದೆ, ಮಂಗಳವಿದೆ, ಪ್ರಸಂಗವೊಂದೇ ಇಲ್ಲ! ಮಂಗಳದ ತರುವಾಯವೂ ಒಂದು ಹಾಡಿದೆ, ದಿನಪತ್ರಿಕೆಯ ಸುದ್ದಿಯಿಂದ ಹುಟ್ಟಿದ್ದು. ರಾತ್ರಿಯಿಡೀ ಆಟ ನೋಡಿ ಮುಂಜಾವಿನಲ್ಲಿ ಮನೆಗೆ ನಡೆಯುವವನ ಮನಸ್ಸು ಅದರಲ್ಲಿದೆ. ತಟ್ಟೆಯ ಅತ್ಯುತ್ತಮ ಹಾಡೂ ಅದೇ ಎಂಬುದು ಗೃಹಸ್ಥರ ಮತ.

ಅವರು ಎಂದೂ ಪೂರ್ತಿ ಕೇಳದ ಹಾಡು ಬೇರೊಂದಿತ್ತು. ಎರಡನೆಯ ಮಗ್ಗುಲಿನ ಆರಂಭದಲ್ಲೇ ಜಾರ್ಜ್ ಹ್ಯಾರಿಸನ್ ರಚಿಸಿದ ‘ವಿದಿನ್ ಯು ವಿದೌಟ್ ಯು’ ಇದೆ. ಐದು ನಿಮಿಷಕ್ಕೂ ಮೇಲ್ಪಟ್ಟದ್ದು, ಉಪದೇಶದ ಧಾಟಿಯದು. ಉಳಿದ ಮೂವರು ಬೀಟಲ್ಸರು ಇದರಲ್ಲಿ ಇಲ್ಲವೇ ಇಲ್ಲ. ತಟ್ಟೆ ಮಗುಚಿ, ಮುಳ್ಳನ್ನು ನೇರವಾಗಿ ಎರಡನೆಯ ಹಾಡಿನ ಮೇಲೆ ಇಡುವುದು ಅವರ ಕೈಗೆ ಕಾಲೇಜು ದಿನಗಳಿಂದ ಬಂದ ರೂಢಿ. ಈ ಸಲ ತಟ್ಟೆ ಮಗುಚುವಷ್ಟರಲ್ಲಿ ಬಾಗಿಲಿಗೆ ಯಾರೋ ಬಂದರು. ಮುಳ್ಳನ್ನು ಅಂಚಿಗೆ ಇಟ್ಟು ಅವರು ಹೊರಗೆ ಹೋದರು.

ಮರಳಿ ಬಂದಾಗ ವೃದ್ಧ ತಾಯಿ ಒಳಗಿನಿಂದ ಬಂದು ಕುಳಿತಿದ್ದರು. ತಂಬೂರಿಯ ಶ್ರುತಿ ಕೋಣೆ ತುಂಬಿತ್ತು. ಆಕೆಯ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹದಿನಾರು ಮಾತ್ರೆ, ಮತ್ತೆ ಹದಿನಾರು. ನಡುವೆ ವಾದ್ಯಗಳಷ್ಟೇ ಉಳಿದಾಗ ಬೆರಳು ತಡೆದು ನಿಂತಿತು.

“ಇಲ್ಲಿ ಹತ್ತಕ್ಕೆ ಬಂತು ನೋಡು, ಝಪತಾಳ. ದಿಲ್‌ರುಬಾ ನುಡಿಸುವವರು ಯಾರೋ?”

“ಇಂಗ್ಲೆಂಡಿನವರ ತಟ್ಟೆ, ಆಯಿ.”

“ತಟ್ಟೆ ಯಾರದ್ದಾದರೂ ಇರಲಿ. ಕೈ ನಮ್ಮವರದು. ಹೆಸರು ಬರೆದಿಲ್ಲವೋ?”

ಹೊದಿಕೆ ತಿರುಗಿಸಿ ನೋಡಿದರು. ಮುಖಪುಟದಲ್ಲಿ ಪ್ರಸಿದ್ಧರ ದೊಡ್ಡ ಗುಂಪೇ ಇದೆ. ಪರಮಹಂಸ ಯೋಗಾನಂದರೂ ಲಾಹಿರಿ ಮಹಾಶಯರೂ ಆ ಗುಂಪಿನಲ್ಲಿದ್ದಾರೆ. ಗಾಂಧೀಜಿಯವರ ಚಿತ್ರವೂ ಸೇರಿತ್ತು. ಭಾರತದಲ್ಲಿ ಜನ ನೊಂದುಕೊಂಡಾರು ಎಂದು ಕಂಪನಿಯ ಮುಖ್ಯಸ್ಥರಾಗಿದ್ದ ಸರ್ ಜೋಸೆಫ್ ಲಾಕ್‌ವುಡ್ ಅದನ್ನು ತೆಗೆಸಿದರು. ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯ ಅಚ್ಚಾಗಿದೆ. ದಿಲ್‌ರುಬಾ ನುಡಿಸಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಭಾರತೀಯರ ಮನಸ್ಸಿನ ಬಗ್ಗೆ ಅಷ್ಟು ಕಾಳಜಿ ವಹಿಸಿದ ಕಂಪನಿಗೆ ಇದೊಂದು ಹೊಳೆಯಲಿಲ್ಲ.

ಆ ವಾದಕರು ಬಂದದ್ದು ಲಂಡನ್ನಿನ ಏಷಿಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆಯ ಮೂಲಕ. ಅದನ್ನು 1946ರಲ್ಲಿ ಪತ್ನಿ ಪೆಟ್ರೀಷಿಯಾರೊಡನೆ ಕಟ್ಟಿದವರು ಅಯನ ದೇವ ಅಂಗಡಿ. ಹೆಸರೇ ಹೇಳುವಂತೆ ಅವರು ಕನ್ನಡಿಗರು. ಅಂದಿನ ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಹುಟ್ಟಿದವರು. ಕಾರವಾರವೂ 1862ರಿಂದ ಅದೇ ಪ್ರಾಂತಕ್ಕೆ ಸೇರಿತ್ತಾದ್ದರಿಂದ ಮಲ್ಲಾಪುರದವರು ಅವರನ್ನು ನೆರೆಯವರೆಂದರೆ ತಪ್ಪಾಗದು. 1965ರ ಅಕ್ಟೋಬರಿನಲ್ಲಿ ಹ್ಯಾರಿಸನ್ನರ ಸಿತಾರಿನ ತಂತಿ ಧ್ವನಿಮುದ್ರಣದ ನಡುವೆ ಕಡಿದಾಗ ದೂರವಾಣಿ ಹೋದದ್ದು ಅಂಗಡಿಯವರ ಮನೆಗೆ. ಹೊಸ ತಂತಿ ಬಂದದ್ದೂ ಅಲ್ಲಿಂದಲೇ. 1966ರಲ್ಲಿ ಹ್ಯಾರಿಸನ್ ರವಿಶಂಕರರನ್ನು ಕಂಡದ್ದು ಫಿಂಚ್ಲಿಯಲ್ಲಿದ್ದ ಆ ಮನೆಯಲ್ಲೇ. ಆ ವರ್ಷದ ‘ರಿವಾಲ್ವರ್’ ತಟ್ಟೆಯ ಹೊದಿಕೆಯ ಮೇಲೆ ತಬಲಾ ನುಡಿಸಿದ ಅನಿಲ್ ಭಾಗವತರ ಹೆಸರು ಅಚ್ಚಾಗಿದೆ. ಮರುವರ್ಷ ಆ ಸೌಜನ್ಯವೂ ಉಳಿಯಲಿಲ್ಲ. ದಿಲ್‌ರುಬಾದ ಅಣ್ಣಾ ಜೋಶಿ, ಅಮೃತ್ ಗಜ್ಜರ್, ತಬಲಾದ ನಟವರ್ ಸೋನಿ, ತಂಬೂರಿಯ ಬುದ್ಧದೇವ್ ಕಂಸಾರಾ ಇವರಿಗೆ ಸಲ್ಲಬೇಕಾದ ಮನ್ನಣೆ ಸಂದದ್ದು ಅರ್ಧ ಶತಮಾನ ಕಳೆದ ಮೇಲೆ, 2017ರ ಸುಮಾರಿಗೆ.

ಗೃಹಸ್ಥರು ಮುಳ್ಳನ್ನು ಮತ್ತೆ ಅಂಚಿಗೆ ಇಟ್ಟರು. ಸಾಹಿತ್ಯದ ಉಪದೇಶ ಈಗಲೂ ತುಸು ಭಾರವೆನಿಸಿತು. ಆ ಅಭಿಪ್ರಾಯವನ್ನು ಬದಲಿಸುವ ಅಗತ್ಯ ಅವರಿಗೆ ಕಾಣಲಿಲ್ಲ. ಆದರೆ ಆಂಗ್ಲ ಪಿಟೀಲುಗಳು ದಿಲ್‌ರುಬಾದ ಜಾರುಗಳನ್ನು ಹಿಂಬಾಲಿಸಿ ಸ್ವರದಿಂದ ಸ್ವರಕ್ಕೆ ತೆವಳುವುದನ್ನು ಅವರು ಮೊದಲ ಸಲ ಗಮನಿಸಿದರು. ಹ್ಯಾರಿಸನ್ ಇದರ ಬೀಜವನ್ನು ಪಡೆದದ್ದು ರವಿಶಂಕರರು ಆಕಾಶವಾಣಿಗಾಗಿ ಮಾಡಿದ ದೀರ್ಘ ರಚನೆಯೊಂದರಿಂದ. ಸಾರ್ಜೆಂಟನ ಮೇಳದಲ್ಲಿ ವೇಷ ಕಳಚಿ ಹಾಡಿದವನು ಇವನೊಬ್ಬನೇ ಎಂದು ಅವರಿಗೆ ತೋರಿತು. ಇದನ್ನು ದಾಟಿಸಿ ಕೇಳಿದ ವರ್ಷಗಳಲ್ಲಿ ತಾವು ಕೇಳಿದ್ದು ಒಂದೂವರೆ ಮಗ್ಗುಲಿನ ತಟ್ಟೆಯನ್ನೇ ಹೊರತು ಇದನ್ನಲ್ಲ ಎಂದೂ ಅನಿಸಿತು.

ಹಾಡಿನ ಕೊನೆಗೆ ಜನರ ನಗು ಕೇಳಿಸಿತು. ಅದು ಹ್ಯಾರಿಸನ್ ತಾವೇ ಬಯಸಿ ಸೇರಿಸಿದ್ದು.

“ಯಾಕೆ ನಗುತ್ತಾರೆ?” ಎಂದರು ತಾಯಿ.

“ಅವರೇ ಹಾಕಿಸಿದ್ದಂತೆ, ಆಯಿ. ಕೇಳುವವರಿಗೆ ಭಾರವಾಗಬಾರದೆಂದು.”

“ನನಗೇನೂ ಭಾರವಾಗಲಿಲ್ಲ.”

ಗೃಹಸ್ಥರು ಹೊಸ ಕಾಗದದ ಚೀಲದ ಮೂಲೆಯಲ್ಲಿ ಪೆನ್ಸಿಲಿನಿಂದ ನಾಲ್ಕು ಹೆಸರು ಬರೆದು, ಕೆಳಗೆ ‘ಅಂಗಡಿ’ ಎಂದು ಸೇರಿಸಿ ತಟ್ಟೆಯನ್ನು ಒಳಗಿಟ್ಟರು. ಸರತಿಯಲ್ಲಿದ್ದ ಮುಂದಿನ ತಟ್ಟೆಗೆ ಬೂಷ್ಟು ಹೆಚ್ಚೇ ಹಿಡಿದಿತ್ತು.