ಕೈಕೋಳಕ್ಕೂ ಮೊದಲು ಮಾತುಕತೆ

ಸಿರಿಯಾದ ಯುದ್ಧಕ್ಕೆ ಹೋಗಿ ಮರಳಿದ ಹುಡುಗರನ್ನು ಏನು ಮಾಡಬೇಕು? ಯುರೋಪಿನ ಹಲವೆಡೆ ಜೈಲು, ಪಾಸ್‌ಪೋರ್ಟ್ ರದ್ದತಿಯ ಕೂಗೆದ್ದಾಗ ಡೆನ್ಮಾರ್ಕಿನ ಆರ್ಹುಸ್ ನಗರದ ಪೊಲೀಸರು ಅವರನ್ನು ಮಾತುಕತೆಗೆ ಕರೆದರು.

ಅಪರಾಧಕ್ಕೆ ಸಾಕ್ಷ್ಯ ಸಿಕ್ಕರೆ ವಿನಾಯಿತಿ ಇರಲಿಲ್ಲ. ಉಳಿದವರಿಗೆ ಓದು, ಕೆಲಸ, ಮನೆ ಹುಡುಕಲು ನೆರವು, ಜೊತೆಗೊಬ್ಬ ಮಾರ್ಗದರ್ಶಕ. ಆರ್ಹುಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಪ್ರೆಬೆನ್ ಬರ್ಟೆಲ್ಸನ್ ಅವರ ಚಿಂತನೆ ಇದಕ್ಕೆ ಬುನಾದಿ: ಬದುಕಿನ ಸವಾಲುಗಳನ್ನು ನಿಭಾಯಿಸುವ ಕೌಶಲ ಬೆಳೆದರೆ ಉಗ್ರವಾದದ ಸೆಳೆತ ತಗ್ಗುತ್ತದೆ.

2013ರವರೆಗೆ ಸುಮಾರು 30 ಮಂದಿ ಸಿರಿಯಾಕ್ಕೆ ಹೋಗಿದ್ದ ಊರಿನಿಂದ 2014ರಲ್ಲಿ ಹೊರಟದ್ದು ಒಬ್ಬರೇ ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು.

ಇಳಿಕೆಗೆ ಯೋಜನೆಯೊಂದೇ ಕಾರಣವೆಂದು ಸಾಬೀತಾಗಿಲ್ಲ, ನಿಜ. ಹಾಗೆಂದು ಇದನ್ನು ಉಗ್ರರ ಓಲೈಕೆಯೆಂದು ತಳ್ಳಿಹಾಕುವುದೂ ಆತುರವೇ. ಇಂಥ ಪ್ರಯೋಗ ನಡೆಸುವ ಸರ್ಕಾರಗಳು ಹೆಸರು ಮರೆಮಾಡಿದ ದಾಖಲೆಗಳನ್ನು ಸ್ವತಂತ್ರ ಸಂಶೋಧಕರಿಗೆ ಕೊಟ್ಟು, ಸೋತ ಪ್ರಕರಣಗಳನ್ನೂ ಅಧ್ಯಯನಕ್ಕೆ ಒಡ್ಡಬೇಕು.